ಹೃದಯಾಘಾತ ಎಂದು ಬರೆಯುವವರು ಯಾರು?

2025ರ ಜೂನ್, ಜುಲೈ ತಿಂಗಳುಗಳಲ್ಲಿ ಬೆಳಗಾದರೆ ಹಾಸನದ್ದೇ ಸುದ್ದಿ. ಹೃದಯಾಘಾತಕ್ಕೆ ಮತ್ತೊಂದು ಬಲಿ, ಮತ್ತೊಬ್ಬ ಯುವಕ, ಮತ್ತೊಬ್ಬ ವಿದ್ಯಾರ್ಥಿನಿ. ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಎದೆ ತಪಾಸಣೆಗೆ ಜನ ಸಾಲುಗಟ್ಟಿದರು. ಕೋವಿಡ್ ಲಸಿಕೆಯ ಮೇಲಿನ ಅನುಮಾನ ಮುಖ್ಯಮಂತ್ರಿಯವರ ಮಾತಿನಲ್ಲೂ ಇಣುಕಿತು. ಕೊನೆಗೆ ತಜ್ಞರ ಸಮಿತಿ ಕುಳಿತು 24 ಸಾವುಗಳ ಕಡತಗಳನ್ನು ಬಿಡಿಸಿ ನೋಡಿದಾಗ ಅವುಗಳಲ್ಲಿ ನಾಲ್ಕಕ್ಕೆ ಹೃದಯದ ಕಾಯಿಲೆಯೊಂದಿಗೆ ಸಂಬಂಧವೇ ಇರಲಿಲ್ಲ. ಉಳಿದವುಗಳಲ್ಲೂ ಕೆಲವಷ್ಟೇ ಖಚಿತವಾಗಿದ್ದವು. ಕೆಲವನ್ನು ಪುರಾವೆಯ ಮೇಲೆ ಹೃದ್ರೋಗ ಎಂದರು, ಕೆಲವನ್ನು ಹಾಗಿರಬಹುದು ಎಂದಷ್ಟೇ ಹೇಳಲು ಸಾಧ್ಯವಾಯಿತು.

ಆ ಗಲಾಟೆಯಲ್ಲಿ ಯಾರೂ ಕೇಳದೆ ಉಳಿದ ಪ್ರಶ್ನೆಯೊಂದಿದೆ. ಆ 24 ಜನ ಹೃದಯಾಘಾತದಿಂದಲೇ ತೀರಿಕೊಂಡರು ಎಂದು ಮೊದಲು ಹೇಳಿದವರು ಯಾರು? ಮನೆಯವರು, ನೆರೆಯವರು, ಆಸ್ಪತ್ರೆಗೆ ತರುವಷ್ಟರಲ್ಲಿ ಪ್ರಾಣ ಹೋಗಿದೆ ಎಂದ ಕರ್ತವ್ಯನಿರತ ವೈದ್ಯರು, ಅದನ್ನು ಕೇಳಿಸಿಕೊಂಡ ವರದಿಗಾರರು. ಎದೆ ಹಿಡಿದುಕೊಂಡು ಕುಸಿದವರೆಲ್ಲರ ಸಾವಿಗೂ ಒಂದೇ ಹೆಸರು. ಇದಾದ ಮೇಲೆ ರಾಜ್ಯದ ಆರೋಗ್ಯ ಇಲಾಖೆ, ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ಆಗಬೇಕು ಎಂಬ ನಿರ್ಧಾರ ಪ್ರಕಟಿಸಿತು. ನಿರ್ಧಾರ ಒಳ್ಳೆಯದೇ. ಆದರೆ ಆ ಪರೀಕ್ಷೆ ಮಾಡಬೇಕಾದ ಕೈಗಳಿಗೆ ಆ ಕೆಲಸವನ್ನು ಕಲಿಸಿದ್ದೇವೆಯೇ?

ನಮ್ಮಲ್ಲಿ ಅಸಹಜ ಸಾವೊಂದು ಸಂಭವಿಸಿದರೆ ಮೊದಲು ಬರುವುದು ಪೊಲೀಸರು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಂ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಆಗಿದೆ. ಠಾಣಾಧಿಕಾರಿ ಸ್ಥಳಕ್ಕೆ ಹೋಗಬೇಕು, ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಗೌರವಾನ್ವಿತ ನಿವಾಸಿಗಳ ಸಮಕ್ಷಮ ಶವವನ್ನು ನೋಡಿ, ಗಾಯ, ಮುರಿತ, ಕಂದುಗಟ್ಟಿದ ಗುರುತು ಎಲ್ಲವನ್ನೂ ಬರೆದು, ಮೇಲ್ನೋಟಕ್ಕೆ ಸಾವಿಗೆ ಏನು ಕಾರಣ ಎಂದು ವರದಿ ಮಾಡಬೇಕು. ಇದೇ ಶವ ಮಹಜರು ಅಥವಾ ಶವ ಪಂಚನಾಮೆ. ಠಾಣೆಯ ಭಾಷೆಯಲ್ಲಿ ಇದು ‘ಯುಡಿಆರ್’, ಅಂದರೆ ಅಸಹಜ ಸಾವಿನ ವರದಿಯ ಕೇಸು. ಕಾಗದದ ಮೇಲೆ ಸಹಿ ಸಬ್ ಇನ್‌ಸ್ಪೆಕ್ಟರ್ ಅವರದ್ದಾದರೂ ಶವದ ಪಕ್ಕ ಕುಳಿತು ಬರೆಯುವವರು ಬಹುತೇಕ ಎಎಸ್ಐ ಅಥವಾ ಹೆಡ್ ಕಾನ್‌ಸ್ಟೆಬಲ್. ಅವರು ಈ ಕೆಲಸ ಕಲಿತದ್ದು ಹಿಂದಿನ ಹೆಡ್ ಕಾನ್‌ಸ್ಟೆಬಲ್ ಬರೆದಿಟ್ಟ ಪಂಚನಾಮೆಯನ್ನು ನೋಡಿ. ಅದಕ್ಕೇ ರಾಜ್ಯದ ಯಾವ ಮೂಲೆಯ ಪಂಚನಾಮೆ ತೆಗೆದರೂ ಅದೇ ವಾಕ್ಯಗಳು: ಕಣ್ಣು ಅರೆ ಮುಚ್ಚಿರುತ್ತವೆ, ಬಾಯಿ ಅರೆ ತೆರೆದಿರುತ್ತದೆ, ಕೈಕಾಲು ನೀಳವಾಗಿ ಚಾಚಿರುತ್ತವೆ. ಪಂಚರೂ ಎಷ್ಟೋ ಕಡೆ ಠಾಣೆಗೆ ಪರಿಚಿತರಾದ ಅದೇ ಇಬ್ಬರು.

ದೇಶದಲ್ಲಿ ಇಂಥ ಸಾವುಗಳ ಪ್ರಮಾಣ ಸಣ್ಣದಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಲ್ಲಿ 2022ರಲ್ಲಿ ಆತ್ಮಹತ್ಯೆ ಎಂದು ದಾಖಲಾದವೇ 1,70,924. ಕರ್ನಾಟಕದ ಪಾಲು 13,606. ಅಪಘಾತದ ಸಾವುಗಳು ಬೇರೆಯೇ ನಾಲ್ಕು ಲಕ್ಷ ದಾಟಿವೆ. ಈ ಪಟ್ಟಿಯಲ್ಲಿ ಆತ್ಮಹತ್ಯೆ ಎಂದು ಸೇರಿದ್ದು ಆತ್ಮಹತ್ಯೆಯೇ, ಅಪಘಾತ ಎಂದು ಸೇರಿದ್ದು ಅಪಘಾತವೇ ಎಂಬ ತೀರ್ಮಾನದ ಬುಡದಲ್ಲಿರುವುದು ಆ ಹೆಡ್ ಕಾನ್‌ಸ್ಟೆಬಲ್‌ನ ಕಣ್ಣು.

ಆ ಕಣ್ಣಿಗೆ ತರಬೇತಿ ಎಂದರೆ ಏನು ಎಂಬುದಕ್ಕೆ ಒಂದು ಉದಾಹರಣೆ ನೋಡೋಣ. ನೇಣಿನ ಪ್ರಕರಣ ಎಂಬ ಕರೆ ಬರುತ್ತದೆ. ಪೊಲೀಸರು ಹೋಗುವಷ್ಟರಲ್ಲಿ ಮನೆಯವರು ದೇಹವನ್ನು ಇಳಿಸಿ ಮಂಚದ ಮೇಲೆ ಮಲಗಿಸಿರುತ್ತಾರೆ. ಜೀವ ಉಳಿದೀತೆಂಬ ಆಸೆಯಿಂದ ಮಾಡಿದ್ದು, ತಪ್ಪೆನ್ನಲಾಗದು. ಯಾರೋ ಅಕ್ಕರೆಯಿಂದ ಮುಖ ಒರೆಸಿರುತ್ತಾರೆ. ಬಾಯಿಯ ಮೂಲೆಯಿಂದ ಇಳಿದ ಜೊಲ್ಲಿನ ಗೆರೆ, ಅಂದರೆ ನೇಣು ಬಿದ್ದಾಗ ಜೀವವಿತ್ತು ಎಂಬುದರ ಮುಖ್ಯ ಕುರುಹು, ಆ ಒರೆಸುವ ಬಟ್ಟೆಗೆ ಹೋಗಿರುತ್ತದೆ. ಹಗ್ಗವನ್ನು ಗಂಟಿನ ಹತ್ತಿರವೇ ಕತ್ತರಿಸಿ ಮೂಲೆಗೆ ಎಸೆದಿರುತ್ತಾರೆ. ಗಂಟನ್ನು ಮುಟ್ಟದೆ ಬೇರೆಡೆ ಕತ್ತರಿಸಿ, ಕತ್ತರಿಸಿದ ತುದಿಗಳನ್ನು ದಾರದಿಂದ ಕಟ್ಟಿ ಗುರುತಿಡಬೇಕು ಎಂಬ ನಿಯಮ ಪುಸ್ತಕದಲ್ಲಿ ಇದೆ, ಊರಿಗೆ ಬಂದಿಲ್ಲ.

ಇಷ್ಟೆಲ್ಲ ಕಳೆದರೂ ದೇಹದ ಮೇಲೆ ಒಂದು ಸಾಕ್ಷಿ ಉಳಿದಿರುತ್ತದೆ. ಹೃದಯ ನಿಂತ ಮೇಲೆ ರಕ್ತ ತನ್ನ ಭಾರಕ್ಕೆ ತಾನೇ ಕೆಳಕ್ಕಿಳಿದು ಚರ್ಮದಡಿ ನೇರಳೆ ಕಲೆಯಾಗಿ ನಿಲ್ಲುತ್ತದೆ. ನೇಣಿನಲ್ಲಿ ಕೆಲವು ಗಂಟೆ ತೂಗಿದ ದೇಹದಲ್ಲಿ ಅದು ಮೊಣಕಾಲಿನ ಕೆಳಗೆ, ಮುಂಗೈಗಳಲ್ಲಿ ಸೇರಿರಬೇಕು. ಬೆನ್ನ ಮೇಲೆ ಸೇರಿದ್ದರೆ ಆ ವ್ಯಕ್ತಿ ಸತ್ತ ಮೇಲೆ ಬಹಳ ಹೊತ್ತು ಅಂಗಾತ ಮಲಗಿದ್ದರು ಎಂದರ್ಥ. ಸುಮಾರು ಆರರಿಂದ ಹನ್ನೆರಡು ಗಂಟೆಗಳಲ್ಲಿ ಈ ಕಲೆ ಗಟ್ಟಿಯಾಗುತ್ತದೆ. ಅದಕ್ಕೆ ಮೊದಲು ಹೆಬ್ಬೆರಳಿನಿಂದ ಒತ್ತಿದರೆ ಬಿಳಿಚಿಕೊಳ್ಳುತ್ತದೆ, ಆಮೇಲೆ ಒತ್ತಿದರೂ ಕದಲುವುದಿಲ್ಲ. ಇದಕ್ಕೆ ಯಂತ್ರ ಬೇಡ, ಪ್ರಯೋಗಾಲಯ ಬೇಡ. ಬಟ್ಟೆ ಸರಿಸಿ ಬೆನ್ನು ನೋಡಬೇಕು, ಕಾಲು ನೋಡಬೇಕು, ಒತ್ತಿ ನೋಡಿ ಗಡಿಯಾರದ ಸಮಯ ಸಮೇತ ಬರೆಯಬೇಕು. ಕೈಕಾಲು ಎಷ್ಟು ಸೆಟೆದಿವೆ ಎಂಬುದೂ ಹಾಗೆಯೇ. ದೇಹವನ್ನು ಶೀತಲ ಪೆಟ್ಟಿಗೆಗೆ ಹಾಕಿ, ಆಂಬ್ಯುಲೆನ್ಸ್‌ನಲ್ಲಿ ಕುಲುಕಿ, ಮರುದಿನ ಮಧ್ಯಾಹ್ನ ಮೇಜಿನ ಮೇಲೆ ಮಲಗಿಸಿದಾಗ ವೈದ್ಯರಿಗೆ ಈ ಮಾಹಿತಿ ಸಿಗುವುದಿಲ್ಲ. ಸ್ಥಳದಲ್ಲಿ ಬರೆದಿಡದಿದ್ದರೆ ಹೋಯಿತು, ಅಷ್ಟೇ.

ಇನ್ನು ಎರಡನೆಯ ಕೊಂಡಿ, ವೈದ್ಯರು. ನ್ಯಾಯವೈದ್ಯಶಾಸ್ತ್ರದಲ್ಲಿ ಮೂರು ವರ್ಷದ ಎಂಡಿ ಮಾಡಿದವರು ಹೆಚ್ಚಾಗಿ ವೈದ್ಯಕೀಯ ಕಾಲೇಜುಗಳಲ್ಲಿದ್ದಾರೆ. ತಾಲ್ಲೂಕು ಆಸ್ಪತ್ರೆಯ ಶವಾಗಾರಕ್ಕೆ ಹೋಗುವವರು ಬೆಳಗಿನಿಂದ ಹೊರರೋಗಿಗಳನ್ನು ನೋಡಿ ಬಂದ ಎಂಬಿಬಿಎಸ್ ವೈದ್ಯರು. ಮಕ್ಕಳ ತಜ್ಞರು ಹೋಗುವುದುಂಟು, ಅರಿವಳಿಕೆ ತಜ್ಞರು ಹೋಗುವುದುಂಟು. ಎಂಬಿಬಿಎಸ್ ಓದುವಾಗ ಗ್ಯಾಲರಿಯಲ್ಲಿ ಹಿಂದಿನ ಸಾಲಿನಿಂದ ನೋಡಿದ ಕೆಲವು ಶವಪರೀಕ್ಷೆಗಳೇ ಅವರ ಅನುಭವ. ಸ್ವತಂತ್ರವಾಗಿ ಒಂದನ್ನೂ ಮಾಡದೆ ಸರ್ಕಾರಿ ಸೇವೆಗೆ ಬಂದು, ಮೊದಲ ವಾರವೇ ಕೊಲೆ ಪ್ರಕರಣದ ಮರಣೋತ್ತರ ವರದಿಗೆ ಸಹಿ ಹಾಕಬೇಕಾದವರು ಕಡಿಮೆ ಇಲ್ಲ.

ಹಾಗಾಗಿ ವಾಸ್ತವದಲ್ಲಿ ಕತ್ತಿ ಹಿಡಿಯುವವರು ಶವಾಗಾರದ ಡಿ ದರ್ಜೆ ನೌಕರರು. ದೇಹ ಬಿಡಿಸುವುದು, ತಲೆಬುರುಡೆ ತೆರೆಯುವುದು, ಮತ್ತೆ ಹೊಲಿಯುವುದು ಅವರ ಕೆಲಸ. ಅನೇಕ ಕಡೆ ವೈದ್ಯರು ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲ ಬಳಿ ನಿಂತು, ಅವರು ಎತ್ತಿ ತೋರಿಸಿದ್ದನ್ನು ಬರೆದುಕೊಳ್ಳುತ್ತಾರೆ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ ನೌಕರನ ಕಣ್ಣು ಹೊಸ ವೈದ್ಯರ ಕಣ್ಣಿಗಿಂತ ಚುರುಕಾಗಿರುವುದೂ ಉಂಟು. ಅವನಿಗೆ ಯಾವ ಪ್ರಮಾಣಪತ್ರವೂ ಇಲ್ಲ. ಎಷ್ಟೋ ಕಡೆ ಸರಿಯಾದ ಕೈಗವಸೂ ಇಲ್ಲ. ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಅನ್ಯಾಯವಾಗಿ ಕಾಣುವುದು ಇದೇ.

ವರದಿಯ ಕೊನೆಯಲ್ಲಿ ಸಾವಿನ ಕಾರಣ ಬರೆಯುವ ಜಾಗವಿದೆ. ಅಲ್ಲಿ ‘ಹೃದಯ ಮತ್ತು ಉಸಿರಾಟದ ಸ್ತಂಭನ’ ಎಂದು ಬರೆಯುವ ಅಭ್ಯಾಸ ದೇಶದಾದ್ಯಂತ ಇದೆ. ಸತ್ತವರೆಲ್ಲರ ಹೃದಯವೂ ನಿಂತಿರುತ್ತದೆ, ಉಸಿರೂ ನಿಂತಿರುತ್ತದೆ. ಬರೆಯಬೇಕಾದದ್ದು ಅದು ನಿಲ್ಲಲು ಕಾರಣವಾದ ಸರಪಳಿಯ ಮೊದಲ ಕೊಂಡಿಯನ್ನು. ಇದನ್ನು ಅರ್ಧ ದಿನದ ತರಬೇತಿಯಲ್ಲಿ ಸರಿಪಡಿಸಬಹುದು, ಆದರೂ ಸರಿಹೋಗಿಲ್ಲ. ಇನ್ನೊಂದು ಸುಲಭದ ದಾರಿ, ರಾಸಾಯನಿಕ ಪರೀಕ್ಷಾ ವರದಿ ಬರುವವರೆಗೆ ಅಭಿಪ್ರಾಯ ಕಾಯ್ದಿರಿಸಲಾಗಿದೆ ಎಂದು ಬರೆದು ಅಂಗಾಂಗದ ಜಾಡಿಗಳನ್ನು ಕಳುಹಿಸಿಬಿಡುವುದು. ಆಮೇಲೆ ಪ್ರಯೋಗಾಲಯದ ಕಡೆ ಬೆರಳು ತೋರಿಸಿದರಾಯಿತು.

ಆ ಜಾಡಿಗಳ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು. ವಿಷದ ಅನುಮಾನವಿದ್ದರೆ ಜಠರ ಮತ್ತು ಅದರಲ್ಲಿದ್ದದ್ದು, ಸಣ್ಣ ಕರುಳಿನ ಒಂದು ತುಂಡು, ಯಕೃತ್ತಿನ ಭಾಗ, ಎರಡೂ ಮೂತ್ರಪಿಂಡಗಳ ಅರ್ಧರ್ಧ ಭಾಗ, ರಕ್ತ, ಇಷ್ಟನ್ನು ತೆಗೆದಿಡಬೇಕು. ಅಂಗಾಂಗಗಳನ್ನು ಸಾಮಾನ್ಯವಾಗಿ ಹಾಕುವುದು ಅಡುಗೆ ಉಪ್ಪಿನ ಗಾಢ ದ್ರಾವಣದಲ್ಲಿ. ಅದೇ ದ್ರಾವಣವನ್ನು ಬೇರೆ ಬಾಟಲಿಯಲ್ಲಿ ಖಾಲಿಯಾಗಿಯೂ ಕಳುಹಿಸಬೇಕು, ವಿಷ ದ್ರಾವಣದಲ್ಲೇ ಇರಲಿಲ್ಲ ಎಂದು ತೋರಿಸಲು. ಆದರೆ ಹೃದಯದ ಸ್ನಾಯುವನ್ನು ಸೂಕ್ಷ್ಮದರ್ಶಕದಡಿ ನೋಡಬೇಕಾದರೆ ಅದನ್ನು ಹಾಕಬೇಕಾದದ್ದು ಫಾರ್ಮಲಿನ್ ಎಂಬ ಸಂರಕ್ಷಕ ದ್ರಾವಣದಲ್ಲಿ. ಜಠರವನ್ನು ಫಾರ್ಮಲಿನ್‌ನಲ್ಲಿ ಹಾಕಿದರೆ ಅನೇಕ ವಿಷಗಳ ಪತ್ತೆ ಕೆಡುತ್ತದೆ. ಹೃದಯವನ್ನು ಉಪ್ಪುನೀರಿನಲ್ಲಿ ಹಾಕಿದರೆ ಕೋಶರಚನೆ ಕೆಟ್ಟು ರೋಗಶಾಸ್ತ್ರಜ್ಞರಿಗೆ ಏನೂ ಕಾಣಿಸುವುದಿಲ್ಲ. ಎರಡು ಜಾಡಿ ಅದಲು ಬದಲಾದರೆ ಎರಡು ಸಾಕ್ಷ್ಯಗಳೂ ಹೋದವು, ಮತ್ತೆ ತರಲು ದೇಹ ಇರುವುದಿಲ್ಲ.

ಹಠಾತ್ ಸಾವುಗಳಿಗೆ ಕಡ್ಡಾಯ ಶವಪರೀಕ್ಷೆ ಎಂಬ ಸರ್ಕಾರದ ನಿರ್ಧಾರವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಯುವಕನೊಬ್ಬನ ಹೃದಯ ಪರೀಕ್ಷಿಸುವುದೆಂದರೆ ಅದನ್ನು ತೂಗಬೇಕು, ಹೃದಯಕ್ಕೆ ರಕ್ತ ಒದಗಿಸುವ ನಾಳಗಳನ್ನು ಎರಡು ಮೂರು ಮಿಲಿಮೀಟರ್‌ಗೊಂದರಂತೆ ಅಡ್ಡಡ್ಡ ಸೀಳುತ್ತಾ ಎಲ್ಲಿ ಕಟ್ಟಿದೆ ಎಂದು ಹುಡುಕಬೇಕು, ಗೋಡೆಯ ದಪ್ಪ ಅಳೆಯಬೇಕು, ನಿಗದಿತ ಜಾಗಗಳಿಂದ ಚೂರುಗಳನ್ನು ತೆಗೆಯಬೇಕು. ಇಷ್ಟು ಮಾಡಿದರೂ ಏನೂ ಸಿಗದಿರಬಹುದು, ಏಕೆಂದರೆ ಹೃದಯದ ಮಿಡಿತದ ಲಯ ತಪ್ಪಿಸುವ ಕೆಲವು ಆನುವಂಶಿಕ ದೋಷಗಳು ಕಣ್ಣಿಗೆ ಯಾವ ಗುರುತನ್ನೂ ಉಳಿಸುವುದಿಲ್ಲ. ಆಗ ಡಿಎನ್ಎ ಪರೀಕ್ಷೆಗೆಂದು ಸರಿಯಾದ ಟ್ಯೂಬ್‌ನಲ್ಲಿ ರಕ್ತ ತೆಗೆದಿಟ್ಟಿದ್ದರೆ ಮಾತ್ರ ಉತ್ತರ. ಆ ಉತ್ತರ ಸತ್ತವನಿಗಿಂತ ಅವನ ತಮ್ಮ, ತಂಗಿ, ಮಕ್ಕಳಿಗೆ ಬೇಕಾದದ್ದು. ಕೊಯ್ಯಿಸಬೇಡಿ ಎಂದು ಕೈಮುಗಿಯುವ ಮನೆಯವರಿಗೆ ಇದನ್ನು ತಿಳಿಹೇಳುವುದೂ ಒಂದು ವಿದ್ಯೆಯೇ. ನಮ್ಮಲ್ಲಿ ಅದನ್ನು ಪೊಲೀಸರಿಗೂ ಕಲಿಸುವುದಿಲ್ಲ, ವೈದ್ಯರಿಗೂ ಕಲಿಸುವುದಿಲ್ಲ.

ತರಬೇತಿ ಪಡೆದ ಕೈ ಏನು ಮಾಡಬಲ್ಲದು ಎಂಬುದಕ್ಕೆ ಪಕ್ಕದ ಕೇರಳದಲ್ಲಿ ಉದಾಹರಣೆಯಿದೆ. 2020ರ ಮೇ ತಿಂಗಳಲ್ಲಿ ಕೊಲ್ಲಂ ಜಿಲ್ಲೆಯ ಅಂಚಲ್‌ನಲ್ಲಿ 25 ವರ್ಷದ ಯುವತಿ ತವರುಮನೆಯಲ್ಲಿ ಮಲಗಿದ್ದಾಗ ನಾಗರಹಾವು ಕಚ್ಚಿ ತೀರಿಕೊಂಡಳು. ಮಾರ್ಚ್‌ನಲ್ಲಿ ಕೊಳಕುಮಂಡಲ ಹಾವು ಕಚ್ಚಿ ಆಸ್ಪತ್ರೆಯಲ್ಲಿದ್ದು ಚೇತರಿಸಿಕೊಳ್ಳುತ್ತಿದ್ದವಳು. ಮೊದಲಿಗೆ ಇದೂ ಒಂದು ಅಸಹಜ ಸಾವಿನ ಕಡತವೇ. ಹಾವಿನ ದ್ವೇಷ ಎನ್ನುವವರಿಗೆ ನಮ್ಮ ಕಡೆಯೂ ಬರವಿಲ್ಲ. ಹೆತ್ತವರು ಅನುಮಾನಪಟ್ಟು ದೂರು ಕೊಟ್ಟ ಮೇಲೆ ತನಿಖೆ ತಿರುಗಿತು. ಕೈಯ ಮೇಲೆ ಎರಡು ಕಡಿತಗಳಿದ್ದವು. ಒಂದರಲ್ಲಿ ಹಲ್ಲಿನ ಗುರುತುಗಳ ನಡುವಿನ ಅಂತರ 2.3 ಸೆಂಟಿಮೀಟರ್, ಇನ್ನೊಂದರಲ್ಲಿ 2.8. ಅಷ್ಟು ಗಾತ್ರದ ನಾಗರ ತಾನಾಗಿ ಕಚ್ಚಿದರೆ ಅಂತರ 1.7ರ ಆಸುಪಾಸು ಇರುತ್ತದೆ. ತಲೆ ಹಿಡಿದು ಒತ್ತಿ ಕಚ್ಚಿಸಿದರೆ ಹಲ್ಲುಗಳು ಅಗಲುತ್ತವೆ. ತನಿಖಾಧಿಕಾರಿಗಳು ಮಾನವ ಗಾತ್ರದ ಬೊಂಬೆ ಮತ್ತು ಜೀವಂತ ನಾಗರಹಾವನ್ನು ಬಳಸಿ ಇದನ್ನು ಪ್ರಯೋಗ ಮಾಡಿಯೇ ತೋರಿಸಿದರು. ಹೂತಿದ್ದ ಹಾವನ್ನು ತೆಗೆದು ಅದಕ್ಕೂ ಶವಪರೀಕ್ಷೆ ಮಾಡಿಸಿದರು. 2021ರ ಅಕ್ಟೋಬರ್‌ನಲ್ಲಿ ಗಂಡನಿಗೆ ಕೊಲೆಯ ಅಪರಾಧಕ್ಕೆ ಜೀವಾವಧಿ ಶಿಕ್ಷೆಯಾಯಿತು.

ಪತ್ರಿಕೆಗಳು ಬೊಂಬೆಯ ಪ್ರಯೋಗವನ್ನು ಕೊಂಡಾಡಿದವು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಗಾಯದ ಆ ಅಳತೆ. ಕೈಯ ಮೇಲೆ ಹಾವು ಕಚ್ಚಿದ ಎರಡು ಗುರುತುಗಳಿವೆ ಎಂದಷ್ಟೇ ಬರೆದಿದ್ದರೆ ಯಾವ ಬೊಂಬೆಯೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಕೇರಳದಲ್ಲಿ ನ್ಯಾಯವೈದ್ಯ ತಜ್ಞರಿಗೆ ಪೊಲೀಸ್ ಸರ್ಜನ್ ಎಂಬ ಹಳೆಯ ಸ್ಥಾನಮಾನವಿದೆ, ವೈದ್ಯರು ಈ ಕೆಲಸವನ್ನು ಹೇಗೆ ಮಾಡಬೇಕೆಂದು ವಿಧಿಸುವ ವೈದ್ಯಕೀಯ-ಕಾನೂನು ಸಂಹಿತೆಯನ್ನು ಆ ರಾಜ್ಯ 2011ರಲ್ಲೇ ಮಾಡಿಕೊಂಡಿದೆ.

ಸಾವಿನ ತನಿಖೆಗೆಂದೇ ಬೇರೆ ವೃತ್ತಿ ಇರಬೇಕೆಂಬ ವಿಚಾರ ಭಾರತಕ್ಕೆ ಅಪರಿಚಿತವಲ್ಲ. 1871ರ ಕಾಯ್ದೆಯಡಿ ಕಲ್ಕತ್ತಾ ಮತ್ತು ಬೊಂಬಾಯಿಯಲ್ಲಿ ಕೊರೋನರ್, ಅಂದರೆ ಅಸಹಜ ಸಾವಿನ ಕಾರಣವನ್ನು ವಿಚಾರಿಸುವ ಅಧಿಕಾರಿ, ಇದ್ದರು. ಮುಂಬೈಯಲ್ಲಿ 1999ರಲ್ಲಿ ಆ ಹುದ್ದೆಯೂ ರದ್ದಾಯಿತು. ಅಮೆರಿಕದ ಅನೇಕ ಕೌಂಟಿಗಳಲ್ಲಿ ಕೊರೋನರ್ ಇಂದಿಗೂ ಚುನಾಯಿತ ಹುದ್ದೆ, ವೈದ್ಯರಾಗಿರಬೇಕೆಂದೇ ಇಲ್ಲ. ಅದನ್ನು ಬಿಟ್ಟು ತರಬೇತಾದ ವೈದ್ಯಕೀಯ ಪರೀಕ್ಷಕರನ್ನು ನೇಮಿಸಿ ಎಂದು ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿ 2009ರಲ್ಲೇ ಶಿಫಾರಸು ಮಾಡಿತ್ತು. ಆದರೆ ಅವರಲ್ಲಿ ನಾವು ಕಲಿಯಬೇಕಾದದ್ದೂ ಒಂದಿದೆ. ವೈದ್ಯರೂ ಅಲ್ಲದ, ಪೊಲೀಸರೂ ಅಲ್ಲದ ಸಾವಿನ ತನಿಖಾಧಿಕಾರಿಗಳು ಅಲ್ಲಿದ್ದಾರೆ. ಸ್ಥಳಕ್ಕೆ ಹೋಗಿ ದೇಹವನ್ನು ನೋಡುವುದು, ಮನೆಯವರನ್ನು ಮಾತನಾಡಿಸುವುದು, ಔಷಧಿ ಡಬ್ಬಿಗಳನ್ನು ಎಣಿಸುವುದು ಅವರ ಪೂರ್ಣಾವಧಿ ಕೆಲಸ. ಅವರಿಗೆ ರಾಷ್ಟ್ರಮಟ್ಟದ ಪ್ರಮಾಣೀಕರಣ ಮಂಡಳಿ ಇದೆ. ನೋಂದಣಿ ಪರೀಕ್ಷೆಗೆ ಕೂರಲು 640 ಗಂಟೆಗಳ ಕ್ಷೇತ್ರಾನುಭವ ಬೇಕು. ನಮ್ಮ ಹೆಡ್ ಕಾನ್‌ಸ್ಟೆಬಲ್‌ಗೆ ಅನುಭವ ಅದಕ್ಕಿಂತ ಹತ್ತು ಪಟ್ಟು ಇರಬಹುದು. ಆ ಅನುಭವವನ್ನು ತಿದ್ದುವವರು, ಪರೀಕ್ಷಿಸುವವರು ಇಲ್ಲ.

ಹಾಗೆಂದು ಇಲ್ಲಿ ಏನೂ ಆಗುತ್ತಿಲ್ಲ ಎಂದರೆ ಸುಳ್ಳಾದೀತು. ಅಪರಾಧ ಸ್ಥಳ ಅಧಿಕಾರಿಗಳು, ಅಂದರೆ ‘ಸೋಕೊ’ಗಳನ್ನು 2022ರಲ್ಲಿ ಕರ್ನಾಟಕ ನೇಮಿಸಿಕೊಂಡಿತು. ದೇಶದಲ್ಲೇ ಮೊದಲು ಎಂದು ಸರ್ಕಾರ ಹೇಳಿಕೊಂಡಿತು. ವಿಜ್ಞಾನ ಓದಿದ ಯುವಕ ಯುವತಿಯರು ರಕ್ತದ ಕಲೆ, ಬೆರಳಚ್ಚು, ಡಿಎನ್ಎ ಮಾದರಿ ಸಂಗ್ರಹಿಸುವುದನ್ನು ಕಲಿತು ಜಿಲ್ಲೆಗಳಿಗೆ ಹೋದರು. ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದ ಜೊತೆಗೆ ಮೈಸೂರು, ದಾವಣಗೆರೆ, ಮಂಗಳೂರು, ಬೆಳಗಾವಿ, ಕಲಬುರಗಿಗಳಲ್ಲಿ ಪ್ರಾದೇಶಿಕ ಕೇಂದ್ರಗಳಿವೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಧಾರವಾಡ ಕ್ಯಾಂಪಸ್‌ಗೆ 2023ರ ಜನವರಿಯಲ್ಲಿ ಅಡಿಗಲ್ಲು ಬಿದ್ದಿದೆ. ಕೇಂದ್ರ ಸಂಪುಟ 2024ರ ಜೂನ್‌ನಲ್ಲಿ ವಿಧಿವಿಜ್ಞಾನ ಸೌಕರ್ಯಗಳಿಗೆಂದು 2,254 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ದೆಹಲಿಯ ಏಮ್ಸ್‌ನಲ್ಲಿ 2021ರಿಂದ ಸ್ಕ್ಯಾನ್ ಮೂಲಕ ಶವಪರೀಕ್ಷೆಯೂ ನಡೆಯುತ್ತಿದೆ. ಕಟ್ಟಡ, ಯಂತ್ರ, ವಾಹನಗಳಿಗೆ ದುಡ್ಡು ಸಿಗುತ್ತಿದೆ. ತಾಲ್ಲೂಕಿನ ಶವಾಗಾರಕ್ಕೆ ಇವುಗಳಲ್ಲಿ ಯಾವುದು ತಲುಪುತ್ತದೆ ಎಂಬುದೇ ನನ್ನ ಅನುಮಾನ.

ಕಾನೂನಿನಲ್ಲಿ ಒಂದು ಬಿರುಕೂ ಇದೆ. ಅದನ್ನು ಬಹಳ ಜನ ಗಮನಿಸಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಹೊಸ ಸಂಹಿತೆಯ 176(3)ನೇ ಕಲಂ, ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯಿರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಭೇಟಿ ಕೊಡುವುದನ್ನು, ವಿಡಿಯೊ ಚಿತ್ರೀಕರಿಸುವುದನ್ನು ಕಡ್ಡಾಯ ಮಾಡಿದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ. ಎಲ್ಲರೂ ಇದನ್ನು ಕ್ರಾಂತಿ ಎಂದರು. ಆದರೆ ಈ ಕಲಂ ಅನ್ವಯವಾಗುವುದು ಅಪರಾಧ ದಾಖಲಾದಾಗ. 194ರಡಿ ದಾಖಲಾಗುವ ಅಸಹಜ ಸಾವಿನಲ್ಲಿ ಇನ್ನೂ ಅಪರಾಧವೇ ಇಲ್ಲ. ಅದು ಅಪರಾಧ ಹೌದೋ ಅಲ್ಲವೋ ಎಂದು ನೋಡುವುದೇ ಆ ವಿಚಾರಣೆಯ ಉದ್ದೇಶ. ಅಂದರೆ ಕೊಲೆ ಎಂದು ಮೊದಲೇ ಗೊತ್ತಿರುವಲ್ಲಿಗೆ ತಜ್ಞರು ಹೋಗಲೇಬೇಕು, ಕೊಲೆಯೋ ಅಲ್ಲವೋ ಎಂದು ತಿಳಿಯದಿರುವಲ್ಲಿಗೆ ಹೋಗಬೇಕೆಂದಿಲ್ಲ. ಕೊಲ್ಲಂನ ಆ ಯುವತಿಯ ಸಾವು ಇಂದು ಸಂಭವಿಸಿದ್ದರೂ ಮೊದಲ ದಿನ ಈ ಕಲಂನ ವ್ಯಾಪ್ತಿಗೆ ಬರುತ್ತಿರಲಿಲ್ಲ.

ಕಡ್ಡಾಯ ಮಾಡಿದರೆ ವ್ಯವಸ್ಥೆ ಒಗ್ಗಿಕೊಳ್ಳುತ್ತದೆ ಎಂಬುದಕ್ಕೆ ಸಾಕ್ಷಿ ನಮ್ಮಲ್ಲೇ ಇದೆ. ಪೊಲೀಸ್ ವಶದಲ್ಲಿ ಯಾರಾದರೂ ಸತ್ತರೆ 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ತಿಳಿಸಬೇಕು, ಶವಪರೀಕ್ಷೆ ಚಿತ್ರೀಕರಿಸಬೇಕು, ಆಯೋಗ ತೊಂಬತ್ತರ ದಶಕದಲ್ಲಿ ಸಿದ್ಧಪಡಿಸಿದ ವಿವರವಾದ ನಮೂನೆಯಲ್ಲೇ ವರದಿ ಬರೆಯಬೇಕು. ಆ ನಮೂನೆ ತುಂಬುವ ವೈದ್ಯರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ದೇಹದ ಇಂಚಿಂಚನ್ನೂ ನೋಡುತ್ತಾರೆ, ಏಕೆಂದರೆ ಬಿಟ್ಟ ಖಾನೆ ಎದ್ದು ಕಾಣುತ್ತದೆ. ಬಾವಿಗೆ ಬಿದ್ದ ರೈತಮಹಿಳೆಗೂ ಅದೇ ನಮೂನೆ ಏಕಾಗಬಾರದು?

ದಾಖಲೆ ಉಳಿಸಿಕೊಳ್ಳುವುದೂ ಈ ವೃತ್ತಿಯ ಭಾಗವೇ. 2025ರ ಧರ್ಮಸ್ಥಳ ಪ್ರಕರಣದಲ್ಲಿ, ಅಲ್ಲಿ ಅನೇಕ ಶವಗಳನ್ನು ಗುಟ್ಟಾಗಿ ಹೂಳಲಾಗಿತ್ತು ಎಂಬ ಆರೋಪ ನಿಜವೋ ಸುಳ್ಳೋ ಎಂಬುದನ್ನು ತನಿಖೆ ಮತ್ತು ನ್ಯಾಯಾಲಯಕ್ಕೆ ಬಿಡೋಣ. ಆ ಸಂದರ್ಭದಲ್ಲಿ ಹೊರಬಂದ ಒಂದು ಸಂಗತಿ ಮಾತ್ರ ಇಲ್ಲಿಗೆ ಬೇಕು: ಧರ್ಮಸ್ಥಳ ಇರುವ ತಾಲ್ಲೂಕಿನ ಬೆಳ್ತಂಗಡಿ ಠಾಣೆಯ 2000ದಿಂದ 2015ರವರೆಗಿನ ಅಸಹಜ ಸಾವಿನ ಕಡತಗಳನ್ನು ಆಡಳಿತಾತ್ಮಕ ಕ್ರಮದಂತೆ ವಿಲೇವಾರಿ ಮಾಡಲಾಗಿದೆ ಎಂದು ಮಾಹಿತಿ ಹಕ್ಕಿನಡಿ ಉತ್ತರ ಬಂದದ್ದು ವರದಿಯಾಯಿತು. ಗುರುತು ಸಿಗದ ಶವದ ಭಾವಚಿತ್ರ, ಹಲ್ಲಿನ ವಿವರ, ಡಿಎನ್ಎಗೆಂದು ಒಂದು ಹಲ್ಲು ಅಥವಾ ಮೂಳೆಯ ಚೂರು, ಹೂತ ಜಾಗದ ಗುರುತು, ಇವಿಷ್ಟನ್ನು ಶಾಶ್ವತವಾಗಿ ಇಡಬೇಕೆಂಬ ಅರಿವು ತರಬೇತಿಯಿಂದಲೇ ಬರಬೇಕು. ಅಗೆದು ತೆಗೆದ ಮೂಳೆ ಗಂಡಿನದೋ ಹೆಣ್ಣಿನದೋ, ಎಷ್ಟು ಹಳೆಯದು ಎಂದು ಹೇಳಬಲ್ಲ ವಿಧಿ ಮಾನವಶಾಸ್ತ್ರಜ್ಞರಂತೂ ದೇಶದಲ್ಲೇ ವಿರಳ.

ತರಬೇತಿ ಎಂದರೆ ಸಭಾಂಗಣದಲ್ಲಿ ಪವರ್‌ಪಾಯಿಂಟ್ ತೋರಿಸಿ, ಊಟ ಹಾಕಿ, ಪ್ರಮಾಣಪತ್ರ ಕೊಟ್ಟು ಕಳುಹಿಸುವುದು ಎಂಬ ರೂಢಿ ನಮ್ಮ ಇಲಾಖೆಗಳಲ್ಲಿ ಬೇರೂರಿದೆ. ಈ ವಿದ್ಯೆ ಹಾಗೆ ಬರುವುದಲ್ಲ. ಜಿಲ್ಲೆಯ ವೈದ್ಯಕೀಯ ಕಾಲೇಜಿನ ಶವಾಗಾರದಲ್ಲಿ ಒಂದು ತಿಂಗಳು ನಿಂತು ಕಲಿಯಬೇಕು: ಎಎಸ್ಐ, ತಾಲ್ಲೂಕು ವೈದ್ಯರು, ಶವಾಗಾರದ ನೌಕರ, ಮೂವರೂ ಒಟ್ಟಿಗೆ. ಒದ್ದೆಯಾದ ರಕ್ತದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ ಬೂಷ್ಟು ಹಿಡಿದು ಡಿಎನ್ಎ ಹಾಳಾಗುತ್ತದೆ, ನೆರಳಲ್ಲಿ ಒಣಗಿಸಿ ಕಾಗದದಲ್ಲಿ ಸುತ್ತಬೇಕು ಎಂಬುದು ಪೊಲೀಸರಿಗೆ ಗೊತ್ತಾದರೆ ಸಾಲದು, ಬಟ್ಟೆ ಬಿಚ್ಚುವ ನೌಕರನಿಗೂ ಗೊತ್ತಿರಬೇಕು. ವೈದ್ಯರಿಗೆ ಸಾಕ್ಷಿ ಕಟಕಟೆಯಲ್ಲಿ ನಿಲ್ಲುವ ಅಭ್ಯಾಸವನ್ನೂ ಮಾಡಿಸಬೇಕು. ಐದು ವರ್ಷದ ಹಿಂದಿನ ವರದಿಯ ಮೇಲೆ ಪಾಟೀಸವಾಲು ಎದುರಿಸುವಾಗ ತಡವರಿಸಿ, ಇರಬಹುದು ಎಂದ ಒಂದು ಮಾತಿಗೆ ಪ್ರಕರಣಗಳು ಬಿದ್ದುಹೋಗುತ್ತವೆ. ಕಲಿತವರಿಗೆ ಭತ್ಯೆ, ಬಡ್ತಿಯಲ್ಲಿ ಅಂಕ ಇಲ್ಲದಿದ್ದರೆ ಈ ಕೆಲಸವನ್ನು ಎಲ್ಲರೂ ಶಿಕ್ಷೆಯೆಂದೇ ನೋಡುತ್ತಾರೆ, ಈಗಲೂ ಹಾಗೆಯೇ ನೋಡುತ್ತಿದ್ದಾರೆ.

194ರ ಬಿರುಕನ್ನು ಮುಚ್ಚಲು ಸಂಸತ್ತಿಗೆ ಹೋಗಬೇಕಾಗಿಲ್ಲ. ಮದುವೆಯಾಗಿ ಏಳು ವರ್ಷದೊಳಗಿನ ಮಹಿಳೆಯರ ಸಾವು, ನಲವತ್ತು ದಾಟದವರ ಹಠಾತ್ ಸಾವು, ಗುರುತು ಸಿಗದ ಶವ, ಈ ಮೂರು ಬಗೆಯ ಅಸಹಜ ಸಾವುಗಳಲ್ಲಿ ದೇಹ ಕದಲಿಸುವ ಮೊದಲು ಸೋಕೊ ಸ್ಥಳಕ್ಕೆ ಬರಬೇಕು ಎಂದು ಪೊಲೀಸ್ ಮಹಾನಿರ್ದೇಶಕರ ಕಚೇರಿಯಿಂದ ಒಂದು ಸ್ಥಾಯಿ ಆದೇಶ ಹೊರಟರೆ ಆಯಿತು. ಸೋಕೊಗಳ ಸಂಖ್ಯೆ ಅದಕ್ಕೆ ಸಾಲುವುದಿಲ್ಲ ಎಂಬ ಉತ್ತರ ಬರುತ್ತದೆ, ಅದು ನಿಜವೂ ಹೌದು. ಎಷ್ಟು ಬೇಕು ಎಂದು ತಿಳಿಯಲು ಠಾಣಾವಾರು ಯುಡಿಆರ್ ಸಂಖ್ಯೆಯನ್ನು ಮೊದಲು ಪ್ರಕಟಿಸಲಿ. ಧಾರವಾಡದ ಕ್ಯಾಂಪಸ್ ತನ್ನ ಮೊದಲ ಅಲ್ಪಾವಧಿ ಕೋರ್ಸನ್ನು ಯಾರಿಗಾಗಿ ರೂಪಿಸಬೇಕು ಎಂಬುದೂ ಆ ಪಟ್ಟಿಯಿಂದಲೇ ಗೊತ್ತಾಗುತ್ತದೆ.